ವಿಮಾನ ಎದ್ದ ಮೇಲೆ ಪಿಕ್ಕಾಸು

ನಮ್ಮ ಪುಳಿಯಂಪರಂಬಿನಲ್ಲಿ ದುಬೈ ಎಷ್ಟು ದೂರ, ರಿಯಾದ್ ಎಷ್ಟು ದೂರ ಎಂದು ತಿಳಿಯಬೇಕಾದವರು ಬೀರಾನ್‌ನನ್ನು ಕೇಳುತ್ತಿದ್ದರು. ಅವನು ಜನ್ಮದಲ್ಲಿ ವಿಮಾನ ಹತ್ತಿದವನಲ್ಲ. ಕರಿಪುರದ ವಿಮಾನ ನಿಲ್ದಾಣ ನಮ್ಮ ಗುಡ್ಡದಿಂದ ಎರಡನೇ ಗುಡ್ಡದ ತಲೆಯ ಮೇಲಿದೆ. ಇಳಿಯುವ ವಿಮಾನಗಳು ನನ್ನ ಚಹಾದಂಗಡಿಯ ಹಂಚು ನಡುಗಿಸಿಕೊಂಡೇ ಹೋಗುತ್ತವೆ. ಆದರೂ ಬೀರಾನ್ ಆ ನಿಲ್ದಾಣದ ಗೇಟಿನೊಳಗೆ ಕಾಲಿಟ್ಟವನಲ್ಲ. ಅವನು ನಮ್ಮ ಜುಮ್ಮಾ ಮಸೀದಿಯ ಖಬರು ಅಗೆಯುವವನು.

ಖಬರಿಗೂ ವಿಮಾನಕ್ಕೂ ಎಂತ ಸಂಬಂಧ ಎಂದು ಹೊರಗಿನವರು ಕೇಳುತ್ತಾರೆ. ನಮ್ಮಲ್ಲಿ ಮನೆಗೊಬ್ಬ ಕಡಲಾಚೆ ಇರುತ್ತಾನೆ, ಕೆಲವು ಮನೆಗಳಲ್ಲಿ ಮೂವರು. ಅಲ್ಲಿ ಸತ್ತವರು ಪೆಟ್ಟಿಗೆಯಲ್ಲಿ ಮಯ್ಯತ್ತಾಗಿ ಬರುತ್ತಾರೆ. ತೆರೆದ ಖಬರು ಮಯ್ಯತ್ತಿಗಾಗಿ ಬಾಯಿ ಬಿಟ್ಟುಕೊಂಡು ಕಾಯಬಾರದು, ಕಾದರೆ ಊರಿನ ಇನ್ನೊಬ್ಬನನ್ನು ಕರೆಯುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಬಂದ ಮಯ್ಯತ್ತು ಗುಂಡಿಗಾಗಿ ಕಾಯುವುದಂತೂ ಮರ್ಯಾದೆಯಲ್ಲ. ಹಾಗಾಗಿ ಅಲ್ಲಿ ವಿಮಾನ ಎದ್ದಿತು ಎಂದು ಫೋನ್ ಬಂದ ಮೇಲೆಯೇ ಇಲ್ಲಿ ಪಿಕ್ಕಾಸು ಎತ್ತಬೇಕು. ಆಂಬುಲೆನ್ಸ್ ಮಸೀದಿಯ ಮುಂದೆ ಬಂದು ನಿಲ್ಲುವಾಗ ಕೊನೆಯ ಬುಟ್ಟಿ ಮಣ್ಣು ಮೇಲೆ ಬರಬೇಕು. ನಮ್ಮದು ಮುರಕಲ್ಲಿನ ಗುಡ್ಡ. ಮೇಲೆ ಸ್ವಲ್ಪ ಮಣ್ಣು, ಕೆಳಗೆ ಪೂರ್ತಿ ಕಲ್ಲು. ಅದರಲ್ಲಿ ಒಬ್ಬ ಗಂಡಸು ಒಂದು ಖಬರು ಇಳಿಸಲು ಬೇಕಾಗುವಷ್ಟು ಹೊತ್ತಿನಲ್ಲೇ ದುಬೈಯ ವಿಮಾನವೂ ಬಂದು ಇಳಿಯುತ್ತದೆ. ಇದನ್ನು ಯಾರೂ ಯೋಚಿಸಿ ಹೊಂದಿಸಿದ್ದಲ್ಲ, ಹಾಗೆ ಬಂದದ್ದು.

ಮಿಕ್ಕ ಊರುಗಳನ್ನೆಲ್ಲ ಬೀರಾನ್ ಆ ದುಬೈಯಿಂದಲೇ ಅಳೆಯುತ್ತಿದ್ದ. ನನ್ನ ಅಂಗಡಿಯ ಬೆಂಚಿನಲ್ಲಿ ಕುಳಿತವರು ಅವನನ್ನು ಕೆಣಕುತ್ತಿದ್ದರು.

"ಬೀರಾನ್ ಕಾಕಾ, ಜಿದ್ದಾ ಎಷ್ಟು?"

"ಜಿದ್ದಾನಾ? ಊಟ ಮಾಡಿ, ಒಂದು ನಿದ್ದೆ ಹೊಡೆದು ಶುರು ಮಾಡಿದ್ರೂ ಸಾಕು."

"ಮಸ್ಕತ್?"

"ಅಯ್ಯೋ, ಮಸ್ಕತ್‌ನವರು ಉಸಿರಾಡ್ಲಿಕ್ಕೆ ಬಿಡುದಿಲ್ಲ ಮಾರಾಯ. ಫೋನ್ ಇಡುವ ಮೊದಲೇ ಬಂದು ನಿಲ್ತಾರೆ."

ಬದುಕಿ ಬರುವವರ ಮನೆಯವರೂ ಅವನನ್ನೇ ಕೇಳುತ್ತಿದ್ದರು. ದೊಹಾದಿಂದ ಮಗನ ವಿಮಾನ ಎದ್ದಿದೆ, ನೆಯ್‌ಪತ್ತಿರಿ ಕರಿಯಲು ಯಾವಾಗ ಎಣ್ಣೆ ಇಡಲಿ ಎಂದು ಮುದುಕಿಯರು ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದರು. "ಅಸರ್ ಬಾಂಗು ಕೇಳಿದ ಮೇಲೆ ಇಡು, ಬಿಸಿಬಿಸಿ ತಿಂತಾನೆ" ಎಂದು ಅವನು ಹೋಗುತ್ತಲೇ ಉತ್ತರ ಕೊಡುತ್ತಿದ್ದ. ಖಬರು ಅಗೆಯುವವನ ಬಾಯಿಂದ ಬರುವ ಗಂಟೆ ಕೇಳುವುದು ಅಪಶಕುನ ಎಂದು ಮೂಗು ಮುರಿಯುವವರೂ ಇದ್ದರು. ಆದರೆ ಅವರ ಮನೆಯ ಹುಡುಗನ ವಿಮಾನ ತಡವಾದ ದಿನ ಅವರೇ ಮೊದಲು ಓಡಿ ಬರುತ್ತಿದ್ದರು.

ನಾನೂ ಅವನೂ ಒಂದೇ ಮದ್ರಸದ ಬೆಂಚಿನಲ್ಲಿ ಪೆಟ್ಟು ತಿಂದವರು. ಅವನ ತಂದೆಯೂ ಇದೇ ಕೆಲಸ ಮಾಡಿದವರು. ಬೀರಾನ್ ಕುಳ್ಳ, ಗಟ್ಟಿ ಆಳು, ಮಾತು ಬಹಳ. ಸತ್ತವರ ಮನೆಯಲ್ಲಿ ಮಾತ್ರ ಅವನ ಬಾಯಿ ಹೊಲಿದ ಹಾಗೆ ಇರುತ್ತಿತ್ತು. ಕೆಲಸ ಮುಗಿಸಿ ಕೈ ತೊಳೆದು ಸೀದಾ ನನ್ನ ಅಂಗಡಿಗೆ ಬಂದು, ಅಷ್ಟು ಹೊತ್ತು ಹಿಡಿದಿಟ್ಟದ್ದನ್ನೆಲ್ಲ ನನ್ನ ತಲೆಯ ಮೇಲೆ ಸುರಿಯುತ್ತಿದ್ದ. ಹೆಂಡತಿ ಬಿಯ್ಯಾತು, ಒಬ್ಬನೇ ಮಗ ಜಂಷೀರ್. ಮಗ ಪಿಕ್ಕಾಸು ಮುಟ್ಟಬಾರದು ಎಂಬ ಒಂದು ಹಟ ಅವನಿಗಿತ್ತು.

ಜಂಷೀರ್ ಪಿಕ್ಕಾಸು ಮುಟ್ಟಲಿಲ್ಲ, ಕತ್ತಿ ಹಿಡಿದ. ಶಾರ್ಜಾದಲ್ಲಿ ಒಂದು ಮಾಂಸದಂಗಡಿಗೆ ಸೇರಿ ಹಲಾಲ್ ಕೊಯ್ಯುವ ಕೆಲಸ ಕಲಿತ. ಅಲ್ಲಿಂದ ನ್ಯೂಜಿಲೆಂಡ್ ಎಂಬ ದೇಶಕ್ಕೆ ಕರೆ ಬಂತು. ಅಲ್ಲಿ ಮನುಷ್ಯರಿಗಿಂತ ಕುರಿಗಳು ಜಾಸ್ತಿಯಂತೆ, ಬಿಸ್ಮಿ ಹೇಳಿ ಕೊಯ್ಯುವವರು ಸಿಗುವುದಿಲ್ಲವಂತೆ. ಹೋಗುವ ಮೊದಲು ಊರಿಗೆ ಬಂದವನು ನನ್ನ ಅಂಗಡಿಯಲ್ಲೇ ತಂದೆಗೆ ವಿಷಯ ಹೇಳಿದ. ಆ ದಿನ ಬೀರಾನ್‌ನ ಮುಖ ನೋಡಬೇಕಿತ್ತು.

"ಹದಿನಾರು ಗಂಟೆಯಾ?" ಗ್ಲಾಸು ಕೆಳಗಿಟ್ಟ. "ದುಬೈಯಿಂದ ಮತ್ತೆ ಹದಿನಾರು ಗಂಟೆಯಾ? ನಡುವೆ ಎಲ್ಲಿ ಇಳಿತದೆ?"

"ಎಲ್ಲೂ ಇಳಿಯುದಿಲ್ಲ ಉಪ್ಪಾ. ಒಂದೇ ಏಟಿಗೆ."

"ಕೆಳಗೆ ಎಂತ ಉಂಟು?"

"ಸಮುದ್ರ."

"ಸಮುದ್ರ ದಾಟಿದ ಮೇಲೆ?"

"ಮತ್ತೂ ಸಮುದ್ರ. ಹದಿನಾಲ್ಕು ಸಾವಿರ ಕಿಲೋಮೀಟರ್ ಉಪ್ಪಾ."

"ನನಗೆ ಸಾವಿರ ಗೀವಿರ ಹೇಳ್ಬೇಡ. ಗಂಟೆ ಹೇಳು." ಬೀರಾನ್‌ನ ಸ್ವರ ಏರಿತು. "ಎಲ್ಲೂ ಕಾಲೂರದೆ ಒಂದು ಹಗಲು, ಒಂದು ಸಂಜೆ ಮೇಲೆಯೇ ಇರ್ಲಿಕ್ಕೆ ಅದೆಂತ ಹದ್ದಾ? ಹದ್ದು ಕೂಡ ಕೂರ್ತದೆ!"

ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನಗಲಿಲ್ಲ. ದುಬೈಯ ಆಚೆಗೂ ಭೂಮಿ ಇಷ್ಟು ಬಾಕಿ ಉಂಟು ಎನ್ನುವುದು ಅವನಿಗೆ ನಿಜವಾಗಿ ಹೊಡೆತ ಕೊಟ್ಟಿತ್ತು. ಮಗ ನ್ಯೂಜಿಲೆಂಡಿನ ಆಕ್ಲೆಂಡ್‌ಗೆ ಹಾರಿದ ದಿನ ಬೀರಾನ್ ನನ್ನ ಅಂಗಡಿಯ ಗಡಿಯಾರದ ಎದುರು ಬಂದು ಕುಳಿತವನು ಏಳಲೇ ಇಲ್ಲ. ನಾನು ಬಾಗಿಲು ಹಾಕುವಾಗ ಬೈದು ಮನೆಗೆ ಓಡಿಸಬೇಕಾಯಿತು. ಮರುದಿನ ಮಗ ಇಳಿದೆ ಎಂದು ಫೋನ್ ಮಾಡಿದ ಮೇಲೆಯೇ ಅವನ ಗಂಟಲಲ್ಲಿ ನೀರು ಇಳಿದದ್ದು.

ಆಮೇಲೆ ಅದೇ ಆಶ್ಚರ್ಯ ಜಂಬವಾಯಿತು. "ನಿಮ್ಮ ಮಕ್ಕಳೆಲ್ಲ ಇಲ್ಲೇ ಅಂಗಳದಲ್ಲಿ ಇರುದು ಮಾರಾಯ್ರೇ" ಎಂದು ಗಲ್ಫಿನವರ ತಂದೆಯರನ್ನು ಹಂಗಿಸುತ್ತಿದ್ದ. ಹೋಗುವಾಗ ಹದಿನಾರು, ಬರುವಾಗ ಹದಿನೇಳು ಎಂದು ಇನ್ನೊಂದು ಸೋಜಿಗವನ್ನು ಮಗ ಹೇಳಿದ್ದ. ಒಂದೇ ದಾರಿ, ಆದರೆ ಬರುವಾಗ ಗಾಳಿ ಎದುರು. ಇದನ್ನು ಬೀರಾನ್ ಕಂಡಕಂಡವರಿಗೆಲ್ಲ ಹೇಳಿದ. ಯಾರಾದರೂ ಆಕ್ಲೆಂಡ್ ಎಷ್ಟು ದೂರ ಎಂದು ತಮಾಷೆಗೆ ಕೇಳಿದರೂ ಅವನು ತಲೆ ಎತ್ತಿ, "ಹೋಗ್ಲಿಕ್ಕೋ ಬರ್ಲಿಕ್ಕೋ?" ಎಂದು ತಿರುಗಿ ಕೇಳುತ್ತಿದ್ದ. ಜಂಷೀರ್ ಶುಕ್ರವಾರ ಜುಮ್ಮಾ ಮುಗಿದ ಮೇಲೆ ಮನೆಗೆ ಫೋನ್ ಮಾಡುತ್ತಿದ್ದ. ಎರಡು ವರ್ಷವಾದರೂ ಊರಿಗೆ ಬಂದಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಮಸೀದಿಯ ಮಹಲ್ಲು ಕಮಿಟಿಯ ಸೆಕ್ರೆಟರಿ ಅಲವಿಕುಟ್ಟಿ ಹಾಜಿಯವರು ನನ್ನ ಅಂಗಡಿಯಲ್ಲಿ ಕುಳಿತಿದ್ದಾಗ ದುಬೈಯಿಂದ ಮುಜೀಬನ ಫೋನ್ ಬಂತು. ಮುಜೀಬ್ ನಮ್ಮೂರಿನವನೇ. ಪರದೇಶದಲ್ಲಿ ಸತ್ತವರ ಕಾಗದಪತ್ರ ಮಾಡಿಸಿ ವಿಮಾನಕ್ಕೆ ಹತ್ತಿಸುವ ಪುಣ್ಯದ ಕೆಲಸ ಅವನದ್ದು. ಅವನ ಹೆಸರು ಫೋನಿನಲ್ಲಿ ಕಂಡರೆ ಸಾಕು, ಹಾಜ್ಯಾರ್ ಸಾವಿನ ಸುದ್ದಿಗೆ ಹೇಳುವ "ಇನ್ನಾಲಿಲ್ಲಾಹಿ" ಎಂದೇ ಎತ್ತುತ್ತಿದ್ದರು. ಆ ದಿನ ಅವರು ಕೇಳಿಸಿಕೊಂಡರು, ಮತ್ತೆ ಕೇಳಿದರು, ಫೋನ್ ಕಿವಿಯಿಂದ ತೆಗೆದು ಅದನ್ನೇ ನೋಡಿದರು.

"ನಮ್ಮ ಬೀರಾನ್‌ನ ಜಂಷೀರ್" ಎಂದರು. "ಕೆಲಸ ಮುಗಿಸಿ ಬಂದು ಮಲಗಿದವನು ಎದ್ದಿಲ್ಲವಂತೆ."

ಇಪ್ಪತ್ತಾರು ವರ್ಷ. ಕುರಿಯನ್ನು ಒಂದೇ ಕೈಯಲ್ಲಿ ಎತ್ತುವ ಹುಡುಗ. ಮಲಗಿದವನು ಏಳುವುದಿಲ್ಲ ಎಂದರೆ ಎಂತ ಅರ್ಥ? ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮುಜೀಬ್ ಬೇರೆ ಯಾರದ್ದೋ ಹೆಸರು ಹೇಳಿರಬೇಕು, ಇನ್ನೊಮ್ಮೆ ಕೇಳಿ ಎಂದು ಹಾಜ್ಯಾರ್ ಮೇಲೆ ರೇಗಿದೆ. ಅವರು ಇನ್ನೊಮ್ಮೆ ಕೇಳಿದರು. ಅದೇ ಹೆಸರು. ಆಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಬ್ಬರಿಗೂ ಒಂದೇ ಮಾತು ಹೊಳೆದಿತ್ತು. ಈ ಖಬರು ಅಗೆಯುವುದು ಯಾರು?

ನಮ್ಮ ಕಡೆ ಒಂದು ಪದ್ಧತಿ ಉಂಟು. ಕಡಲಾಚೆ ಸತ್ತರೆ ಮಯ್ಯತ್ತು ಹತ್ತಿರ ಬರುವ ತನಕ ತಂದೆ ತಾಯಿಗೆ ಹೇಳುವುದಿಲ್ಲ. ಊರಿಗೆಲ್ಲ ಗೊತ್ತಿರುತ್ತದೆ, ಆ ಮನೆಗೆ ಮಾತ್ರ ಗೊತ್ತಿರುವುದಿಲ್ಲ. ಇದು ಕರುಣೆ ಎಂದು ದೊಡ್ಡವರು ಹೇಳುತ್ತಾರೆ. ನನಗೆ ಇದು ಯಾವತ್ತೂ ಸರಿ ಕಂಡದ್ದಿಲ್ಲ, ಅವತ್ತೂ ಹೇಳಿದೆ.

"ಕಾಗದ ಆಗಿ ಮಯ್ಯತ್ತು ಬರುವಾಗ ಗುರುವಾರ ಆಗ್ತದೆ ಸೈದಾಲಿ" ಎಂದರು ಹಾಜ್ಯಾರ್. "ಈಗಲೇ ಹೇಳಿದ್ರೆ ಗುರುವಾರದ ತನಕ ಆ ಇಬ್ಬರು ಬದುಕುದು ಹೇಗೆ?"

"ಗುರುವಾರದ ತನಕ ನಾವು ಅವನ ಮುಖ ನೋಡುದು ಹೇಗೆ ಹಾಜ್ಯಾರೇ? ದಿನಕ್ಕೆ ನಾಲ್ಕು ಸಲ ಚಹಾಕ್ಕೆ ಬರ್ತಾನೆ."

"ಮುಖ ನೋಡ್ಬೇಡ. ಗ್ಲಾಸು ನೋಡು."

ಅಲ್ಲಿಗೆ ಮಾತು ಮುಗಿಯಿತು. ಪಕ್ಕದ ಮಹಲ್ಲಿನಿಂದ ಅಗೆಯುವವರನ್ನು ಕರೆಸುವುದು, ಗುರುವಾರ ಬೆಳಿಗ್ಗೆ ನಾನು ಬೀರಾನ್‌ನನ್ನು ಕಣ್ಣು ತೋರಿಸುವ ನೆಪದಲ್ಲಿ ಜೀಪಿನಲ್ಲಿ ಕೋಝಿಕ್ಕೋಡಿಗೆ ಕರೆದುಕೊಂಡು ಹೋಗುವುದು, ಮಧ್ಯಾಹ್ನ ವಾಪಸ್ ಕರೆತಂದು ಉಸ್ತಾದರು ವಿಷಯ ಹೇಳುವುದು ಎಂದು ತೀರ್ಮಾನವಾಯಿತು. ಏನಾದರೂ ಆಗಲಿ, ತನ್ನ ಮಗನ ಖಬರನ್ನು ಅವನು ತನ್ನ ಕೈಯಿಂದ ಅಗೆಯುವಂತೆ ಆಗಬಾರದು. ಅಷ್ಟು ಮಾತ್ರ ಇಡೀ ಊರಿಗೆ ಬೇಕಿತ್ತು.

ಆದರೆ ನಮ್ಮ ಊರಿನವರ ನಾಟಕ ದೇವರಿಗೇ ಪ್ರೀತಿ. ಯಾವತ್ತೂ ಬೀರಾನ್‌ಗೆ ಸಲಾಂ ಹೇಳದವರು ರಸ್ತೆ ದಾಟಿ ಬಂದು ಸಲಾಂ ಹೇಳಿದರು. ಬಿಯ್ಯಾತುವಿನ ಮನೆಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ಒಬ್ಬಳು ನುಗ್ಗೆಸೊಪ್ಪು, ಒಬ್ಬಳು ಬಾಳೆಗೊನೆ ತಂದು, ಸುಮ್ಮನೆ ಕುಳಿತು, ಕಣ್ಣು ಒರೆಸಿಕೊಂಡು, ಹೊಗೆ ಹೊಗೆ ಎಂದು ಎದ್ದು ಹೋದರು. ಒಲೆ ಉರಿಯುತ್ತಲೂ ಇರಲಿಲ್ಲವಂತೆ. ನಾನು ನಾಲ್ಕು ದಿನ ಗ್ಲಾಸು ನೋಡಿದೆ.

"ಎಂತ ಸೈದಾಲಿ, ನಿನಗೆ ಹಲ್ಲುನೋವಾ?" ಎಂದು ಬೀರಾನ್ ಕೇಳಿದ. "ಬೈಗುಳ ಇಲ್ಲದೆ ಚಹಾ ಕೊಡ್ತಾ ಇದ್ದೀಯಲ್ಲ. ಸಕ್ಕರೆ ಹಾಕಿದ್ದೀಯಾ ಇಲ್ವಾ ಅಂತಲೇ ಗೊತ್ತಾಗುದಿಲ್ಲ ಮಾರಾಯ."

ಹೌದು, ಹಲ್ಲುನೋವು ಎಂದೆ.

ಬುಧವಾರ ಮಧ್ಯಾಹ್ನ ಆಗಬಾರದ್ದು ಆಯಿತು. ಹಾಜ್ಯಾರ್ ಬೆಂಚಿನ ಆ ತುದಿಯಲ್ಲಿ, ಬೀರಾನ್ ಈ ತುದಿಯಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದ. ನಾನು ಬೋಂಡಾ ಬಿಡುತ್ತಿದ್ದೆ. ಮುಜೀಬನ ಫೋನ್ ಬಂತು. ಹಾಜ್ಯಾರ್ ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಹೂಂ, ಹೂಂ, ಎದ್ದಿತಾ, ಅಲ್ಹಮ್ದುಲಿಲ್ಲಾಹ್ ಎಂದರು. ದುಬೈಯಿಂದ ಮುಂದೆ ಯಾವ ವಿಮಾನಕ್ಕೆ ಹಾಕಲಿ ಎಂದು ಮುಜೀಬ್ ಕೇಳಿರಬೇಕು. ಇಪ್ಪತ್ತು ವರ್ಷದಿಂದ ಕಿವಿಯಲ್ಲಿ ಫೋನ್ ಇಟ್ಟುಕೊಂಡು ಗಂಟೆ ಬೇಕಾದಾಗಲೆಲ್ಲ ಅವರ ಕುತ್ತಿಗೆ ಒಂದೇ ಕಡೆ ತಿರುಗಿದ್ದು. ಅವತ್ತೂ ತಿರುಗಿತು.

"ಬೀರಾನೇ, ಆಕ್ಲೆಂಡ್‌ನಿಂದ ದುಬೈಗೆ ಎಷ್ಟು ಗಂಟೆ?"

ಬೀರಾನ್ ಬಿಸ್ಕತ್ತಿನಿಂದ ತಲೆ ಎತ್ತಲಿಲ್ಲ.

"ಹೋಗ್ಲಿಕ್ಕೋ ಬರ್ಲಿಕ್ಕೋ?"

"ಬರ್ಲಿಕ್ಕೆ" ಎಂದರು ಹಾಜ್ಯಾರ್.

ನನ್ನ ಕೈಯ ಜಾಲರಿ ಸೌಟು ಎಣ್ಣೆಯ ಮೇಲೆಯೇ ನಿಂತಿತು. ಬೋಂಡಾಗಳು ಕಪ್ಪಾದವು. ಬಾಯಿಂದ ಹೋದದ್ದು ಏನೆಂದು ಹಾಜ್ಯಾರಿಗೆ ಆಮೇಲೆ ಹೊಳೆಯಿತು. ನಮ್ಮ ಜಿಲ್ಲೆಯಲ್ಲೆಲ್ಲ ಹುಡುಕಿದರೂ ಆಕ್ಲೆಂಡ್‌ನಲ್ಲಿ ಇರುವವನು ಒಬ್ಬನೇ, ಅವನ ತಂದೆಯನ್ನೇ ಹೀಗೆ ಕೇಳುವುದೇ! ಅವರ ಗಡ್ಡ ಮೇಲೆ ಕೆಳಗೆ ಆಯಿತು.

"ಬರ್ಲಿಕ್ಕೆ ಹದಿನೇಳು" ಎಂದ ಬೀರಾನ್. ಬಿಸ್ಕತ್ತಿನ ಉಳಿದ ತುಂಡು ಗ್ಲಾಸಿನೊಳಗೆ ಬಿದ್ದಿತ್ತು. ಅದನ್ನು ನೋಡುತ್ತ ಕೇಳಿದ, "ಯಾರು ಬರುದು ಹಾಜ್ಯಾರೇ?"

"ನನ್ನ... ನನ್ನ ತಂಗಿಯ ಅಳಿಯ. ತಿರುಗಾಡ್ಲಿಕ್ಕೆ ಹೋಗಿದ್ದ."

"ಓಹೋ" ಎಂದ. "ಒಂದು ಮಾತು ಹೇಳ್ಬಾರದಿತ್ತಾ, ಜಂಷೀರ್ ಎಲ್ಲ ತೋರಿಸ್ತಿದ್ದ." ಚಹಾ ಕುಡಿಯದೆ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಎದ್ದು ಹೋದ.

ಅವನು ತಿರುವು ದಾಟುವ ತನಕ ನಾವು ಅಲುಗಾಡಲಿಲ್ಲ. ಆಮೇಲೆ ನಾನು ಹಾಜ್ಯಾರ್ ಅಂತಲೂ ನೋಡದೆ ಬಾಯಿಗೆ ಬಂದದ್ದು ಹೇಳಿದೆ. ಅವರು ತಮ್ಮ ಹಣೆಗೆ ತಾವೇ ಹೊಡೆದುಕೊಂಡರು.

"ಅವನಿಗೆ ಗೊತ್ತಾಗಿಲ್ಲ, ಅಲ್ವಾ ಸೈದಾಲಿ? ಗೊತ್ತಾಗಿದ್ರೆ ಅವನು ಹಾಗೆ ಕೂರ್ತಿದ್ನಾ? ಮಗನ ಹೆಸರು ಎಷ್ಟು ಸಲೀಸಾಗಿ ಹೇಳಿದ ನೋಡು."

ಹೌದು, ಗೊತ್ತಾಗಿಲ್ಲ ಎಂದೇ ನಾನೂ ಹೇಳಿದೆ. ಗೊತ್ತಾಗಿದ್ದರೆ ಬೀರಾನ್ ಸುಮ್ಮನಿರುವ ಆಳಲ್ಲ, ಒಂದು ಸಣ್ಣ ಮುಳ್ಳು ಚುಚ್ಚಿದರೂ ಊರಿಗೆಲ್ಲ ತೋರಿಸುವವನು. ಹಾಗೆಂದು ನಾವಿಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು.

ಗುರುವಾರ ಬೆಳಿಗ್ಗೆ ಜೀಪು ತೆಗೆದುಕೊಂಡು ಅವನ ಮನೆಗೆ ಹೋದೆ. ಬಿಯ್ಯಾತು ಅಂಗಳದಲ್ಲಿ ಕುಳಿತು ಅಕ್ಕಿ ಕೇರುತ್ತಿದ್ದಳು. ತಟ್ಟಂ ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು.

"ಬೀರಾನ್ ಎಲ್ಲಿ ಬಿಯ್ಯಾತುಮ್ಮಾ?"

"ಸುಬುಹಿ ನಮಾಝಿಗೆ ಹೋಗಿ ಬಂದವರು ಪಿಕ್ಕಾಸು, ಬುಟ್ಟಿ ತಕ್ಕೊಂಡು ಹೋದ್ರಲ್ಲ. ನಿಮಗೆ ಹೇಳ್ಲಿಲ್ವಾ?" ಎಂದಳು. "ಯಾರದ್ದು ಮಯ್ಯತ್ತು? ನಾನು ಕೇಳಿದ್ರೆ ಕಿವಿ ಕೇಳದವರ ಹಾಗೆ ಹೋದ್ರು. ರಾತ್ರಿ ಒಂದು ತುತ್ತು ತಿನ್ಲಿಲ್ಲ. ಹೊಟ್ಟೆ ಸರಿಯಿಲ್ಲವಂತೆ."

ಗೊತ್ತಿಲ್ಲ, ನೋಡಿಕೊಂಡು ಬರ್ತೇನೆ ಎಂದು ಜೀಪು ತಿರುಗಿಸಿದೆ.

"ಸೈದಾಲಿಕ್ಕಾ" ಎಂದು ಹಿಂದಿನಿಂದ ಕೂಗಿದಳು. "ನಾಳೆ ಜಂಷೀರನ ಫೋನ್ ಬರ್ತದೆ. ಬೇಗ ಮನೆಗೆ ಬರ್ಲಿಕ್ಕೆ ಹೇಳಿ ಇವರಿಗೆ. ಕಳೆದ ವಾರ ಕೊನೆಗೆ ಬಂದು ಎರಡು ಮಾತು ಆಡುವಾಗ ಕಟ್ ಆಯ್ತು."

ಆ ಜೀಪನ್ನು ಮಸೀದಿಯ ತನಕ ನಾನು ಹೇಗೆ ಓಡಿಸಿದೆನೋ ನನಗೆ ತಿಳಿಯದು.

ಖಬರ್‌ಸ್ತಾನದ ಮೆಟ್ಟಿಲಿನ ಮೇಲೆ ಬೀರಾನ್ ಕುಳಿತಿದ್ದ, ಪಿಕ್ಕಾಸು ಮಡಿಲಲ್ಲಿ. ಪಕ್ಕದ ಮಹಲ್ಲಿನಿಂದ ಬಂದ ಇಬ್ಬರು ಬೇಲಿಯ ಬದಿಯಲ್ಲಿ ಬೀಡಿ ಸೇದುತ್ತ ನಿಂತಿದ್ದರು. ಹಾಜ್ಯಾರ್ ಅವನ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಅವರ ಮುಖಕ್ಕೆ ಜೀವ ಬಂತು.

"ನೋಡು, ಸೈದಾಲಿ ಬಂದ. ನೀನು ಕಣ್ಣು ತೋರಿಸ್ಲಿಕ್ಕೆ ಹೋಗು ಬೀರಾನೇ. ಡಾಕ್ಟರು ಇವತ್ತೇ ಬರ್ಲಿಕ್ಕೆ ಹೇಳಿದ್ದಾರೆ. ಇವರು ಅಗೀತಾರೆ."

"ಇವರು ಹೊಳೆ ಬದಿಯವರು. ಇವರದ್ದು ಹೊಯಿಗೆ. ನಮ್ಮ ಕಲ್ಲಿನಲ್ಲಿ ಇವರ ಕೈ ನಡೆಯುದಿಲ್ಲ" ಎಂದ ಬೀರಾನ್. "ಎಲ್ಲಿಂದ ಬರುದು ಮಯ್ಯತ್ತು?"

"ಮಸ್ಕತ್‌ನಿಂದ" ಎಂದರು ಹಾಜ್ಯಾರ್. "ನಮ್ಮವರಲ್ಲ. ದೂರದ ಸಂಬಂಧ."

ಬೀರಾನ್ ತಲೆ ಆಡಿಸಿದ. ಅಷ್ಟರಲ್ಲಿ ಹಾಜ್ಯಾರರ ಜುಬ್ಬಾದ ಜೇಬಿನಲ್ಲಿ ಫೋನ್ ಅರಚಿತು. ಅವರು ಬೆನ್ನು ತಿರುಗಿಸಿ ಮಾತಾಡಿದರು. ಮಾತು ಮುಗಿದ ಮೇಲೆ ಈಚೆ ತಿರುಗಲು ಅವರಿಗೆ ಧೈರ್ಯ ಸಾಲಲಿಲ್ಲ.

"ಎದ್ದಿತಾ?" ಎಂದು ಬೀರಾನ್ ಕೇಳಿದ.

"ಎದ್ದಿತು."

ಅವನು ಬಿಸ್ಮಿ ಹೇಳಿ ಎದ್ದ. ಅಂಗಿ ಕಳಚಿ ಪಕ್ಕದ ಖಬರಿನ ತಲೆಯ ಮೀಸಾನ್ ಕಲ್ಲಿನ ಮೇಲೆ ಇಟ್ಟ. ಆ ಇಬ್ಬರು ಬೆಳಿಗ್ಗೆ ಗೆರೆ ಹಾಕಿಟ್ಟ ಜಾಗಕ್ಕೆ ಹೋಗಿ ಪಿಕ್ಕಾಸು ಎತ್ತಿದ. ನಾನು ಅವನ ಕೈ ಹಿಡಿದೆ. ಬೇಡ ಬೀರಾನ್, ನನ್ನ ಮಾತು ಕೇಳು, ಇವತ್ತೊಂದು ದಿನ ಬೇಡ ಎಂದೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಜೋರು ಮಾಡಲಿಲ್ಲ. ನಿನಗೆ ಚಹಾ ಮಾಡ್ಲಿಕ್ಕೆ ನಾನು ಬೇಡ ಹೇಳ್ತೇನಾ ಎಂದು ಕೇಳಿ ಮೊದಲ ಪೆಟ್ಟು ಹಾಕಿದ.

ನಾವು ಆಗಲೇ ಹೇಳಬೇಕಿತ್ತು ಎನ್ನಬಹುದು. ಹೇಳಲು ಹಾಜ್ಯಾರ್ ಬಾಯಿ ತೆರೆದರು. ಪಿಕ್ಕಾಸು ಎತ್ತಿ ನಿಂತ ತಂದೆಗೆ, ಇದು ನಿನ್ನ ಮಗನಿಗೆ ಎಂದು ಹೇಳುವ ನಾಲಿಗೆ ಯಾರಿಗೆ ಉಂಟು? ತೆರೆದ ಬಾಯಿಂದ ಗಾಳಿ ಮಾತ್ರ ಬಂತು. ಉಸ್ತಾದರು ಬಂದರು, ನೋಡಿದರು, ಮಸೀದಿಯೊಳಗೆ ಹೋಗಿ ಓದಲು ಕುಳಿತರು. ಊರಿನ ಗಂಡಸರು ಒಬ್ಬೊಬ್ಬರಾಗಿ ಬೇಲಿಯ ಹತ್ತಿರ ಬಂದು, ಒಳಗೆ ಯಾರೆಂದು ಕಂಡು, ಅಲ್ಲೇ ಕಲ್ಲಾದರು.

ಯಾವಾಗಲೂ ಅಗೆಯುವಾಗ ಕಲ್ಲಿಗೆ ಬೈಯುವ ಬೀರಾನ್ ಅವತ್ತು ಬೈಯಲಿಲ್ಲ. ಮಸ್ಕತ್ ಆಗಿದ್ದರೆ ಅವಸರ ಮಾಡಬೇಕಿತ್ತು, ಅವನು ಅವಸರವನ್ನೂ ಮಾಡಲಿಲ್ಲ. ದುಬೈ ವಿಮಾನದ ಅಗೆತ ಯಾವ ಹದದಲ್ಲಿ ನಡೆಯುತ್ತಿತ್ತೋ ಅದೇ ಹದದಲ್ಲಿ ಪೆಟ್ಟು ಬೀಳುತ್ತಿತ್ತು. ಗೋಡೆಯನ್ನು ಕೈಯಿಂದ ಸವರಿ ನೋಡಿ, ಉಬ್ಬಿದ 'ಮುಳ್ಳುಕಲ್ಲು'ಗಳನ್ನು ಸಣ್ಣ ಬಾಚಿಯಿಂದ ಕೆತ್ತಿ ತೆಗೆದ. ತಳದ ಹುಡಿಯನ್ನು ಅಂಗೈಯಿಂದ ಗುಡಿಸಿದ. ನಾನು ಬುಟ್ಟಿ ಎಳೆದು ಹಾಕುತ್ತಿದ್ದೆ. ಎರಡು ಸಲ ನೀರು ಕೊಟ್ಟೆ, ಎರಡು ಸಲವೂ ಬೇಡ ಎಂದ.

ಸೂರ್ಯ ನೆತ್ತಿಗೆ ಬರುವಾಗ ಗುಂಡಿ ಅವನ ಭುಜದ ಎತ್ತರಕ್ಕೆ ಇಳಿದಿತ್ತು. ಒಳಗಿನಿಂದ ಕೇಳಿದ:

"ಆಳು ಎಷ್ಟು ಉದ್ದ?"

ಇದು ಅವನು ಪ್ರತಿ ಸಲ ಕೇಳುವ ಪ್ರಶ್ನೆಯೇ. ಹಾಜ್ಯಾರ್ ನನ್ನನ್ನು ನೋಡಿದರು, ನಾನು ನೆಲ ನೋಡಿದೆ.

"ನಿನ್ನಷ್ಟೇ" ಎಂದರು ಹಾಜ್ಯಾರ್. "ಹೆಚ್ಚುಕಡಿಮೆ ನಿನ್ನಷ್ಟೇ."

ಬೀರಾನ್ ಪಿಕ್ಕಾಸನ್ನು ಮೂಲೆಗೆ ನಿಲ್ಲಿಸಿದ. ಕಿಬ್ಲಾದ ಕಡೆ ಮುಖ ಮಾಡಿ, ಬಲಮಗ್ಗುಲಾಗಿ, ಆ ಕೆಂಪು ಕಲ್ಲಿನ ಮೇಲೆ ಮಲಗಿದ. ಅಳತೆ ನೋಡಲು ಮಲಗಿದ್ದು. ಆದರೆ ಮಲಗಿದವನು ಕೂಡಲೇ ಏಳಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ. ಕಲ್ಲಿಗೆ ಕೆನ್ನೆ ಒತ್ತಿ ಹಿಡಿದಿದ್ದ. ನಾನು ಬೀರಾನ್ ಎಂದು ಕೂಗಿದೆ. ಅವನು ನಿಧಾನವಾಗಿ ಎದ್ದು ಕುಳಿತ. ಕಾಲಿನ ತುದಿ ಗೋಡೆಗೆ ತಾಗಿದ ಜಾಗ ನೋಡಿದ. ಎದ್ದು ನಿಂತು, ಅದರ ನೇರಕ್ಕೆ ಗುಂಡಿಯ ಅಂಚಿನಿಂದ ಆಚೆ, ಮೇಲಿನ ಮಣ್ಣಿನಲ್ಲಿ ಹೆಬ್ಬೆರಳು ಕಿರುಬೆರಳು ಚಾಚಿ ಒಂದು ಗೇಣು ಅಳೆದು ಉಗುರಿನಿಂದ ಗೀರು ಹಾಕಿದ. ಮತ್ತೆ ಪಿಕ್ಕಾಸು ಕೈಗೆತ್ತಿಕೊಂಡು ಆ ಗೀರಿನ ತನಕ ಕಡಿಯತೊಡಗಿದ.

"ಸಾಕು ಬೀರಾನೇ, ಅಳತೆ ಸರಿ ಉಂಟಲ್ಲ" ಎಂದರು ಹಾಜ್ಯಾರ್. ಅವರ ಸ್ವರ ಮುದುಕಿಯ ಸ್ವರದ ಹಾಗಿತ್ತು.

"ಅವನು ನನಗಿಂತ ಒಂದು ಗೇಣು ಉದ್ದ ಹಾಜ್ಯಾರೇ. ಉಮ್ಮನ ಕಡೆಯವರ ಹಾಗೆ."

ಹಾಜ್ಯಾರ್ ನಿಂತಲ್ಲೇ ಮಣ್ಣಿನ ರಾಶಿಯ ಮೇಲೆ ಕುಸಿದು ಕುಳಿತರು. ಬೆಳ್ಳಗಿನ ಜುಬ್ಬಾ ಕೆಂಪಾಯಿತು. ಬೀರಾನ್‌ಗೆ ನಿನ್ನೆಯಿಂದಲೇ ಗೊತ್ತಿತ್ತು. ಬರ್ಲಿಕ್ಕೆ ಎಂದು ಕೇಳಿದ ಆ ಕ್ಷಣದಿಂದ ಅವನು ಒಬ್ಬನೇ, ಹೆಂಡತಿಯ ಪಕ್ಕದಲ್ಲಿ ಮಲಗಿಯೂ ಒಬ್ಬನೇ, ಹದಿನೇಳು ಗಂಟೆ ಮಗನ ಜೊತೆ ಸಮುದ್ರದ ಮೇಲೆ ಬಂದಿದ್ದ. ನಾವು ಅವನಿಂದ ಮುಚ್ಚಿಟ್ಟೆವು ಎಂದುಕೊಂಡಿದ್ದೆವು. ಅವನು ನಮ್ಮೆಲ್ಲರಿಂದ ಮುಚ್ಚಿಟ್ಟಿದ್ದ.

ನಾನು ಗುಂಡಿಗೆ ಹಾರಿದೆ. ಅವನ ಕೈಯಿಂದ ಪಿಕ್ಕಾಸು ಕಿತ್ತುಕೊಳ್ಳಲು ನೋಡಿದೆ. ಇದನ್ನು ನಾನು ಮಾಡುತ್ತೇನೆ, ನೀನು ಮೇಲೆ ಹೋಗು, ಬಿಯ್ಯಾತು ಒಬ್ಬಳೇ ಇದ್ದಾಳೆ ಎಂದು ಅಳುತ್ತಾ ಹೇಳಿದೆ.

"ಅವಳಿಗೆ ನಾನೇ ಹೇಳ್ತೇನೆ. ಇದು ಮುಗೀಲಿ" ಎಂದ. ಅವನ ಕಣ್ಣಿನಲ್ಲಿ ನೀರಿರಲಿಲ್ಲ, ರೆಪ್ಪೆಯ ಮೇಲೆಲ್ಲ ಕೆಂಪು ಹುಡಿ ಕುಳಿತಿತ್ತು. ಪಿಕ್ಕಾಸಿನ ಹಿಡಿಯಿಂದ ನನ್ನ ಕೈಯನ್ನು ಸರಿಸಿದ. "ಬದಿಗೆ ಸರಿ ಸೈದಾಲಿ. ಅಷ್ಟು ದೂರದಿಂದ ಬರ್ತಾ ಇದ್ದಾನೆ. ಕಾಲು ಚಾಚಿ ಮಲಗ್ಲಿ."